ಚೀಟಿ ಕೊಂಡರೂ ದಂಡವೇಕೆ? ಯುರೋಪಿನ ಮೋಟಾರ್‌ಹೋಮ್ ತಂಗುದಾಣಗಳ ಕಾಲಮಿತಿ ಮತ್ತು ದರ

ಪ್ರಶ್ನೆ: ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ಕಳೆದ ಸೆಪ್ಟೆಂಬರ್‌ನಲ್ಲಿ ಹೆಂಡತಿ ಮತ್ತು ಮಗಳೊಂದಿಗೆ ಬಾಡಿಗೆಯ ಮೋಟಾರ್‌ಹೋಮ್‌ನಲ್ಲಿ (ಒಳಗೇ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ವಾಹನ) ಮೋಸೆಲ್ ನದಿಯ ಕಣಿವೆಗೆ ಹೋಗಿದ್ದೆ. ಅಲ್ಲಿನ ಪಟ್ಟಣವೊಂದರ ಪುರಸಭೆಯ ತಂಗುದಾಣದಲ್ಲಿ 24 ಗಂಟೆಗೆ 12 ಯೂರೋ, ಗರಿಷ್ಠ 48 ಗಂಟೆ ಎಂದು ಫಲಕವಿತ್ತು. ಗುರುವಾರ ಸಂಜೆ 7ಕ್ಕೆ ತಲುಪಿ ಎರಡು ದಿನದ ಚೀಟಿ ಪಡೆದೆವು. ಶನಿವಾರ ಸಂಜೆ ಮಗಳಿಗೆ ಮೈ ಬೆಚ್ಚಗಾಗಿದ್ದರಿಂದ ಅದೇ ಯಂತ್ರದಲ್ಲಿ ಮೂರನೆಯ ಚೀಟಿ ಕೊಂಡು ಅಲ್ಲೇ ಉಳಿದೆವು. ಭಾನುವಾರ ಬೆಳಿಗ್ಗೆ ನೋಡಿದರೆ ಗಾಜಿಗೆ 40 ಯೂರೋ ದಂಡದ ಕಾಗದ ಸಿಕ್ಕಿಸಿದ್ದರು. ಹಣ ಕಟ್ಟಿದವರಿಗೂ ದಂಡ ಹಾಕುವುದು ಯಾವ ನ್ಯಾಯ? ಬರುವ ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಐವರೂ ಸೇರಿ ಎರಡು ವಾರ ಬ್ಲ್ಯಾಕ್ ಫಾರೆಸ್ಟ್, ಫ್ರಾನ್ಸಿನ ಅಲ್ಸಾಸ್, ಇಟಲಿಯ ಗಾರ್ಡಾ ಸರೋವರದ ಕಡೆ ಸುತ್ತುವ ಯೋಜನೆಯಿದೆ. ಒಂದೊಂದು ಊರಿನಲ್ಲಿ ಮೂರ್ನಾಲ್ಕು ದಿನ ನೆಮ್ಮದಿಯಾಗಿ ಇರಬೇಕು, ಬೆಳಿಗ್ಗೆ ಹೊರಗೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯಬೇಕು ಎಂಬುದು ಅಪ್ಪನ ಆಸೆ. ಆದರೆ ಎಲ್ಲಿ ನೋಡಿದರೂ 24 ಗಂಟೆ, 48 ಗಂಟೆ ಎಂಬ ಮಿತಿ. ದರವೋ, ಒಂದು ಕಡೆ ಉಚಿತ, ಪಕ್ಕದ ಊರಿನಲ್ಲಿ 28 ಯೂರೋ. ಇದರ ಹಿಂದಿನ ಲೆಕ್ಕಾಚಾರವೇನು? ಆ್ಯಪ್‌ಗಳಲ್ಲಿ ತೋರಿಸುವ ಉಚಿತ ಜಾಗಗಳಲ್ಲೇ ನಿಂತರೆ ತಪ್ಪೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಾಗಿ ಕಂಡರೂ ಮೂಲ ಒಂದೇ. ದಂಡ ಏಕೆ ಬಿತ್ತು ಎಂಬುದು ತಿಳಿದರೆ ಕಾಲಮಿತಿ ಏಕಿದೆ ಎಂಬುದೂ, ದರಗಳು ಹೀಗೆ ಏಕೆ ಏರಿಳಿಯುತ್ತವೆ ಎಂಬುದೂ ಬಹುಮಟ್ಟಿಗೆ ತಿಳಿಯುತ್ತದೆ. ದಕ್ಷಿಣ ಜರ್ಮನಿಯ ಮೋಟಾರ್‌ಹೋಮ್ ಬಾಡಿಗೆ ಕ್ಷೇತ್ರದಲ್ಲಿ ದುಡಿಯುತ್ತಿರುವ ನನ್ನ ಮುಂದೆ, ಪ್ರವಾಸ ಮುಗಿಸಿ ಕೀಲಿಕೈ ಹಿಂದಿರುಗಿಸುವ ಗ್ರಾಹಕರು ಇಂಥದೇ ಕಾಗದವನ್ನು ಮೇಜಿನ ಮೇಲಿಟ್ಟು ಇದೇ ಪ್ರಶ್ನೆ ಕೇಳುವುದು ಸಾಮಾನ್ಯ ಸಂಗತಿ.

ನೀವು ಕಂಡ ಫಲಕದಲ್ಲಿ ಇದ್ದುದು ಒಂದು ನಿಯಮವಲ್ಲ, ಎರಡು. 24 ಗಂಟೆಗೆ 12 ಯೂರೋ ಎಂಬುದು ಶುಲ್ಕ. ಗರಿಷ್ಠ 48 ಗಂಟೆ ಎಂಬುದು ಅನುಮತಿಯ ಮಿತಿ. ಶುಲ್ಕವನ್ನು ಎಷ್ಟು ಸಲ ಕಟ್ಟಿದರೂ ಮಿತಿ ಹಿಗ್ಗುವುದಿಲ್ಲ. ನಾಣ್ಯ ಹಾಕಿದರೆ ಚೀಟಿ ಕೊಡುವ ಯಂತ್ರಕ್ಕೆ ನಿಮ್ಮ ವಾಹನ ಗುರುವಾರದಿಂದ ಅಲ್ಲೇ ಇದೆ ಎಂಬುದು ಗೊತ್ತಿರುವುದಿಲ್ಲ. ಗಸ್ತು ಬರುವ ಸಿಬ್ಬಂದಿ ನೋಂದಣಿ ಸಂಖ್ಯೆಯನ್ನು ಬರೆದುಕೊಂಡು ಹೋಗಿರುತ್ತಾರೆ. 40 ಯೂರೋ ಎಂಬ ಮೊತ್ತವೂ ಅವರ ಮನಸ್ಸಿಗೆ ಬಂದದ್ದಲ್ಲ. 2021ರ ನವೆಂಬರ್‌ನಲ್ಲಿ ಪರಿಷ್ಕೃತವಾದ ಜರ್ಮನಿಯ ದಂಡಪಟ್ಟಿಯಲ್ಲಿ ನಿಲುಗಡೆಯ ಅವಧಿ ಮೀರಿದ್ದಕ್ಕೆ ಅರ್ಧ ಗಂಟೆಯವರೆಗೆ 20 ಯೂರೋ, ಒಂದು ಗಂಟೆಯವರೆಗೆ 25, ಎರಡು ಗಂಟೆಗೆ 30, ಮೂರು ಗಂಟೆಗೆ 35, ಅದಕ್ಕೂ ಮೀರಿದರೆ 40 ಎಂದಿದೆ. ನೀವು ಮೀರಿದ್ದು ಶನಿವಾರ ಸಂಜೆ 7ರಿಂದ ಭಾನುವಾರ ಬೆಳಗಿನವರೆಗೆ. ಆದ್ದರಿಂದ ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಾದ ದಂಡವೇ. ಮೂರನೆಯ ಚೀಟಿಯನ್ನು ಮುಂದಿಟ್ಟು ಮೇಲ್ಮನವಿ ಸಲ್ಲಿಸಿದರೆ ಗೆಲ್ಲುವ ಸಂಭವ ಕಡಿಮೆ. ಮಗಳ ಜ್ವರ ಮಾತ್ರ ಬೇರೆ ವಿಷಯ. ಅಂಥ ಹೊತ್ತಿನಲ್ಲಿ ಫಲಕದ ಕೆಳಭಾಗದಲ್ಲಿ ಬರೆದಿರುವ ದೂರವಾಣಿ ಸಂಖ್ಯೆಗೆ ಕರೆಮಾಡಿ, ಮಗುವಿಗೆ ಹುಷಾರಿಲ್ಲ, ಇನ್ನೊಂದು ರಾತ್ರಿ ಇರಬಹುದೇ ಎಂದು ಕೇಳಬೇಕಿತ್ತು. ಮೇಲ್ವಿಚಾರಕರು ಹೀಗೆ ಕೇಳಿದವರಿಗೆ ಇಲ್ಲವೆನ್ನುವುದು ಅಪರೂಪ. ಕೇಳದೆ ಉಳಿದವರ ವಿಷಯದಲ್ಲಿ ಅವರ ಮುಂದಿರುವುದು ಗಡಿಯಾರ ಮಾತ್ರ.

ಇನ್ನು ಮಿತಿಯ ವಿಷಯ. ಯುರೋಪಿನ ಬಹುತೇಕ ದೇಶಗಳಲ್ಲಿ ವಾಹನ ನಿಲ್ಲಿಸುವುದು ಬೇರೆ, ಬಿಡಾರ ಹೂಡುವುದು ಬೇರೆ. ಮೊದಲನೆಯದು ಸಂಚಾರ ಕಾನೂನಿಗೆ ಸೇರಿದ್ದು. ಎರಡನೆಯದು ಕಟ್ಟಡ, ನೈರ್ಮಲ್ಯ, ಪರಿಸರ ಮತ್ತು ಪ್ರವಾಸೋದ್ಯಮದ ನಿಯಮಗಳಿಗೆ. ಮೋಟಾರ್‌ಹೋಮ್ ಈ ಎರಡರ ನಡುವಿನ ಗೆರೆಯ ಮೇಲೆಯೇ ನಿಲ್ಲುವ ವಾಹನ. ಗೆರೆ ಎಲ್ಲಿದೆ ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ಬರೆದಿಟ್ಟಿರುವುದು ಇಟಲಿ. ಅಲ್ಲಿನ 1992ರ ರಸ್ತೆ ಸಂಹಿತೆಯ 185ನೆಯ ವಿಧಿಯ ಪ್ರಕಾರ, ವಾಹನವು ಚಕ್ರಗಳ ಮೇಲಷ್ಟೇ ನಿಂತಿದ್ದು, ಎಂಜಿನ್ನಿಗೆ ಸಂಬಂಧಿಸಿದ್ದನ್ನು ಬಿಟ್ಟು ಬೇರೇನನ್ನೂ ಹೊರಕ್ಕೆ ಬಿಡದೆ, ತನ್ನ ಮೈಯಳತೆಗಿಂತ ಹೆಚ್ಚು ರಸ್ತೆಯನ್ನು ಆಕ್ರಮಿಸದಿದ್ದರೆ ಅದು ನಿಲುಗಡೆ. ಒಳಗೆ ನೀವು ಮಲಗಿದ್ದೀರೋ ಅಡುಗೆ ಮಾಡುತ್ತಿದ್ದೀರೋ ಎಂಬುದು ಪ್ರಶ್ನೆಯಲ್ಲ. ಸ್ಥಿರತೆಗೆಂದು ಕೆಳಗಿಳಿಸುವ ಕಬ್ಬಿಣದ ಕಾಲುಗಳನ್ನು ನೆಲಕ್ಕೂರಿದ ಕ್ಷಣದಿಂದ ಅದು ಬಿಡಾರ. ಸ್ಪೇನಿನ ಸಂಚಾರ ನಿರ್ದೇಶನಾಲಯ 2008ರಲ್ಲಿ ಹೊರಡಿಸಿದ ಸೂಚನೆ ಇದೇ ತರ್ಕವನ್ನು ಅನುಸರಿಸಿ, ಹೊರಕ್ಕೆ ಚಾಚಿಕೊಳ್ಳುವ ಕಿಟಕಿಯನ್ನು ಕೂಡ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಜರ್ಮನಿಯಲ್ಲಿ ಸಾರ್ವಜನಿಕ ನಿಲುಗಡೆಯ ಜಾಗದಲ್ಲಿ ವಾಹನದೊಳಗೆ ಒಂದು ರಾತ್ರಿ ಮಲಗುವುದನ್ನು, ಮತ್ತೆ ಸುರಕ್ಷಿತವಾಗಿ ಓಡಿಸಲು ಬೇಕಾದ ವಿಶ್ರಾಂತಿ ಎಂದು ಪರಿಗಣಿಸುತ್ತಾರೆ. ಸುಮಾರು 10 ಗಂಟೆ ಎಂಬುದು ರೂಢಿಯ ಲೆಕ್ಕ. ಎರಡನೆಯ ರಾತ್ರಿಗೆ ಆ ವಾದ ನಿಲ್ಲುವುದಿಲ್ಲ.

ತಂಗುದಾಣ ಎಂಬ ವ್ಯವಸ್ಥೆ ಹುಟ್ಟಿದ್ದೇ ಈ ಗೆರೆಯ ಆಸುಪಾಸಿನಲ್ಲಿ. ಜರ್ಮನಿಯ ಸ್ಟೆಲ್‌ಪ್ಲಾಟ್ಸ್, ಫ್ರಾನ್ಸಿನ ಏರ್, ಇಟಲಿಯ ಆರಿಯಾ ದಿ ಸೋಸ್ತಾ, ಎಲ್ಲವೂ ಮೂಲತಃ ರಾತ್ರಿ ಉಳಿಯಲು ಅನುಮತಿಯಿರುವ ನಿಲುಗಡೆಯ ಜಾಗಗಳು. ಜನರು ಅಲ್ಲಿ ವಾರಗಟ್ಟಲೆ ಇರತೊಡಗಿದರೆ ಕಾನೂನಿನ ದೃಷ್ಟಿಯಲ್ಲಿ ಅದು ಕ್ಯಾಂಪ್‌ಸೈಟ್, ಅಂದರೆ ಬಿಡಾರ ಹೂಡಲೆಂದೇ ಇರುವ ತಾಣ, ಆಗುತ್ತದೆ. ಆಗ ಶೌಚಾಲಯ, ಸ್ನಾನಗೃಹ, ಅಗ್ನಿಶಾಮಕ ಅಂತರ, ಮೇಲ್ವಿಚಾರಣೆ, ಪರವಾನಗಿ ಎಲ್ಲವೂ ಬೇಕಾಗುತ್ತವೆ. ಪುಟ್ಟ ಪುರಸಭೆಯೊಂದು ಈಜುಕೊಳದ ಹಿಂದಿನ ಜಲ್ಲಿ ಹಾಸಿದ ಜಾಗದಲ್ಲಿ ಹನ್ನೆರಡು ಗೆರೆಗಳನ್ನೆಳೆದು ತಂಗುದಾಣ ಮಾಡಲು ಸಾಧ್ಯವಾಗುವುದೇ ಅಲ್ಪಾವಧಿಯ ಷರತ್ತಿನಿಂದ. ಜೊತೆಗೆ ಸ್ಥಳೀಯ ಕ್ಯಾಂಪ್‌ಸೈಟ್ ಮಾಲೀಕರ ಒತ್ತಡವೂ ಇದೆ. ತೆರಿಗೆ ಕಟ್ಟಿ, ಸಿಬ್ಬಂದಿ ಇಟ್ಟು ನಡೆಸುವ ತಮ್ಮ ಎದುರಿಗೇ ಪುರಸಭೆ ಅಗ್ಗದ ಜಾಗ ತೆರೆದರೆ ಹೇಗೆ ಎಂಬ ಅವರ ದೂರನ್ನು ಅನ್ಯಾಯದ್ದೆಂದು ನಾನು ಹೇಳಲಾರೆ. ನಮ್ಮ ತೀರ್ಥಕ್ಷೇತ್ರದ ಛತ್ರಗಳಲ್ಲಿ ಒಂದೆರಡು ದಿನದ ಮೇಲೆ ಕೋಣೆ ಬಿಟ್ಟುಕೊಡಬೇಕೆಂಬ ಕಟ್ಟುಪಾಡು ಇರುವುದು ಯಾತ್ರಿಕರ ಮೇಲಿನ ಸಿಟ್ಟಿನಿಂದಲ್ಲ, ಬಾಗಿಲಲ್ಲಿ ಮುಂದಿನವರು ನಿಂತಿರುತ್ತಾರೆ ಎಂಬ ಕಾರಣದಿಂದ, ಇಲ್ಲಿಯೂ ಅಷ್ಟೆ.

ಇಷ್ಟೆಲ್ಲ ಕಾನೂನಿನ ಮಾತು. ಆದರೆ 48 ಅಥವಾ 72 ಗಂಟೆ ಎಂಬ ಅಂಕೆಗೆ ಇನ್ನೊಂದು ಸರಳ ಆಧಾರವಿದೆ, ಅದು ನಿಮ್ಮ ವಾಹನದ ಹೊಟ್ಟೆಯಲ್ಲೇ ಇದೆ. ಬಾಡಿಗೆಗೆ ಸಿಗುವ ಸಾಮಾನ್ಯ ಮೋಟಾರ್‌ಹೋಮ್‌ನಲ್ಲಿ ಶುದ್ಧ ನೀರಿನ ಟ್ಯಾಂಕ್ ಸುಮಾರು 100 ಲೀಟರಿನದು, ಬಳಸಿದ ನೀರಿನದೂ ಹೆಚ್ಚುಕಡಿಮೆ ಅಷ್ಟೇ. ಶೌಚದ ಕ್ಯಾಸೆಟ್, ಅಂದರೆ ಶೌಚಾಲಯದ ಕೆಳಗಿರುವ, ಹೊರತೆಗೆದು ಖಾಲಿ ಮಾಡುವ ಡಬ್ಬ, ಹಿಡಿಯುವುದು 18ರಿಂದ 20 ಲೀಟರ್. ಇಬ್ಬರಿಗೆ ಅದು ಎರಡು ಮೂರು ದಿನ ಬರುತ್ತದೆ. ಐವರಿದ್ದು, ನೀರು ಬಳಸುವ ನಮ್ಮ ಅಭ್ಯಾಸವೂ ಸೇರಿದರೆ ಒಂದೂವರೆ ದಿನಕ್ಕೇ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಶೌಚಾಲಯವಿಲ್ಲದ ಜಾಗದಲ್ಲಿ ಇದಕ್ಕಿಂತ ಹೆಚ್ಚು ದಿನ ನಿಂತವರ ಕೊಳಕು ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಪುರಸಭೆಗಳಿಗೆ ಅನುಭವದಿಂದ ಗೊತ್ತು. ಮಳೆನೀರಿನ ಚರಂಡಿಗೆ ಕ್ಯಾಸೆಟ್ ಸುರಿದ ಒಂದು ವಾಹನದಿಂದಾಗಿ ಇಡೀ ತಂಗುದಾಣವನ್ನೇ ಮುಚ್ಚಿಬಿಟ್ಟ ಊರುಗಳಿವೆ.

ಮಿತಿಗಳು ಹೇಗೆ ಬಿಗಿಯಾಗುತ್ತವೆ, ಹೇಗೆ ಸಡಿಲವಾಗುತ್ತವೆ ಎಂಬುದಕ್ಕೆ ಪೋರ್ಚುಗಲ್ ಒಳ್ಳೆಯ ಉದಾಹರಣೆ. ದಕ್ಷಿಣದ ಅಲ್ಗಾರ್ವೆ ಕಡಲತೀರದಲ್ಲಿ ಚಳಿಗಾಲವಿಡೀ ಬೀಡುಬಿಡುವ ಉತ್ತರ ಯುರೋಪಿನ ವಾಹನಗಳ ಬಗ್ಗೆ ಸ್ಥಳೀಯರ ಅಸಮಾಧಾನ ಹಲವು ವರ್ಷಗಳದು. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು, ಗುರುತಿಸಿದ ಜಾಗಗಳ ಹೊರಗೆ ಮೋಟಾರ್‌ಹೋಮ್‌ನಲ್ಲಿ ರಾತ್ರಿ ಕಳೆಯುವುದನ್ನೇ ನಿಷೇಧಿಸಿತು. ಪ್ರವಾಸಿಗರ ಸಂಘಟನೆಗಳು ಮಾತ್ರವಲ್ಲ, ಒಳನಾಡಿನ ಊರುಗಳೂ ಇದು ಅತಿಯಾಯಿತೆಂದವು. ಏಕೆಂದರೆ ಕಡಲಿನಿಂದ ದೂರವಿರುವ ಹಳ್ಳಿಯ ಬೇಕರಿಗೂ ಕೆಫೆಗೂ ಈ ವಾಹನಗಳೇ ಗಿರಾಕಿಗಳು. ಅದೇ ವರ್ಷ ಆಗಸ್ಟ್‌ನಲ್ಲಿ ತಿದ್ದುಪಡಿಯಾಗಿ, ಸಂರಕ್ಷಿತ ಪ್ರದೇಶ ಮತ್ತು ಕರಾವಳಿ ಯೋಜನೆಯ ವಲಯಗಳನ್ನು ಬಿಟ್ಟು ಉಳಿದೆಡೆ, ಸ್ಥಳೀಯ ನಿಷೇಧವಿಲ್ಲದಿದ್ದರೆ, ಒಂದು ಪುರಸಭಾ ವ್ಯಾಪ್ತಿಯಲ್ಲಿ ಗರಿಷ್ಠ 48 ಗಂಟೆ ಇರಬಹುದೆಂದಾಯಿತು. ಇಲ್ಲಿ ಗಮನಿಸಬೇಕಾದದ್ದು ಪುರಸಭಾ ವ್ಯಾಪ್ತಿ ಎಂಬ ಮಾತನ್ನು: ಎದುರು ಬೀದಿಗೆ ವಾಹನ ಸರಿಸಿದರೆ ಗಡಿಯಾರ ಹೊಸದಾಗಿ ಓಡತೊಡಗುವುದಿಲ್ಲ.

ನಿಮ್ಮ ಮಾರ್ಗದ ದೇಶಗಳಿಗೆ ಬರೋಣ. ಜರ್ಮನಿಯ ಪುರಸಭಾ ತಂಗುದಾಣಗಳಲ್ಲಿ ಒಂದರಿಂದ ಮೂರು ರಾತ್ರಿಯ ಮಿತಿ ಸಾಮಾನ್ಯ. ಖಾಸಗಿಯವುಗಳಲ್ಲಿ ಹೆಚ್ಚು ದಿನ ಸಿಗುವುದೂ ಉಂಟು. ಫ್ರಾನ್ಸಿನಲ್ಲಿ ಸಾರ್ವಜನಿಕ ರಸ್ತೆಯ ಒಂದೇ ಜಾಗದಲ್ಲಿ ಯಾವ ವಾಹನವೂ ಏಳು ದಿನಕ್ಕಿಂತ ಹೆಚ್ಚು ಅಲುಗಾಡದೆ ನಿಂತಿರಬಾರದೆಂಬ ಸಾಮಾನ್ಯ ನಿಯಮವಿದ್ದು, ಮೇಯರ್ ತಮ್ಮ ಆದೇಶದಿಂದ ಅದನ್ನು 48 ಅಥವಾ 24 ಗಂಟೆಗೆ ಇಳಿಸಬಲ್ಲರು. ತಂಗುದಾಣದ ಪ್ರವೇಶದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಂಟಿಸಿರುವ ಫ್ರೆಂಚ್ ಪುಟವೇ ಆ ಆದೇಶ; ಅದನ್ನು ಫೋನಿನಲ್ಲಿ ಅನುವಾದಿಸಿಕೊಂಡು ಓದುವುದಕ್ಕೆ ಎರಡು ನಿಮಿಷ ಸಾಕು. ಮಿತಿ ಮುಗಿದ ಮೇಲೆ ಇಂತಿಷ್ಟು ದಿನ ಮತ್ತೆ ಬರುವಂತಿಲ್ಲ ಎಂದು ಕೆಲವೆಡೆ ಅದರಲ್ಲೇ ಇರುತ್ತದೆ. ಇಟಲಿಯಲ್ಲಿ ಕಾನೂನು ಉದಾರವಾಗಿದ್ದರೂ ಗಾರ್ಡಾದಂಥ ಜನದಟ್ಟಣೆಯ ಕಡೆ ನಿಷೇಧದ ಫಲಕಗಳು, ಕಾರಿಗಿಂತ ಎತ್ತರದ್ದು ನುಸುಳದಂತೆ ಅಡ್ಡಕಟ್ಟಿದ ಕಂಬಿಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ.

24 ಗಂಟೆಯನ್ನು ಎಲ್ಲಿಂದ ಎಣಿಸುವುದು ಎಂಬುದೂ ಒಂದೇ ರೀತಿಯಿಲ್ಲ. ಚೀಟಿ ಯಂತ್ರವಿರುವ ಕಡೆ ಅದು ಚೀಟಿಯಲ್ಲಿ ಅಚ್ಚಾದ ನಿಮಿಷದಿಂದ. ತಡೆಗಂಬ ಇರುವ ಕಡೆ ಅದು ಮೇಲೆದ್ದ ಕ್ಷಣದಿಂದ. ಫ್ರಾನ್ಸಿನ ಕ್ಯಾಂಪಿಂಗ್-ಕಾರ್ ಪಾರ್ಕ್ ಜಾಲದ ತಂಗುದಾಣಗಳು ಈ ಬಗೆಯವು. ಖಾಸಗಿ ಮಾಲೀಕರು ಹಲವರು ಕ್ಯಾಂಪ್‌ಸೈಟಿನಂತೆ ರಾತ್ರಿಗಳನ್ನು ಎಣಿಸಿ, ಮಧ್ಯಾಹ್ನದೊಳಗೆ ತೆರವು ಮಾಡಿ ಎನ್ನುತ್ತಾರೆ. ಸಂಜೆ 7ಕ್ಕೆ ಬರುವವರಿಗೆ ಗಂಟೆಯ ಲೆಕ್ಕ ಲಾಭ. ಮರುದಿನವಿಡೀ ಊರು ಸುತ್ತಿ ಸಂಜೆ ಹೊರಡಬಹುದು. ಬೆಳಿಗ್ಗೆಯೇ ಬಂದು ಸೇರುವವರಿಗೆ ರಾತ್ರಿಯ ಲೆಕ್ಕ ಲಾಭ, ಅಷ್ಟು ಬೇಗ ಒಳಗೆ ಬಿಟ್ಟುಕೊಂಡರೆ.

ಆ್ಯಪ್‌ಗಳ ಬಗ್ಗೆ ಕೇಳಿದ್ದೀರಿ. ಪಾರ್ಕ್‌4ನೈಟ್, ಕ್ಯಾಂಪರ್‌ಕಾಂಟ್ಯಾಕ್ಟ್ ಮುಂತಾದವು ಬಹಳ ಉಪಯುಕ್ತ, ನಾನೂ ದಿನವೂ ಬಳಸುತ್ತೇನೆ. ಆದರೆ ಅವುಗಳಲ್ಲಿ ಒಂದು ಜಾಗ ಕಾಣಿಸಿಕೊಂಡಿತೆಂದರೆ, ಯಾರೋ ಒಬ್ಬರು ಅಲ್ಲಿ ಒಂದು ರಾತ್ರಿ ತೊಂದರೆಯಿಲ್ಲದೆ ಮಲಗಿದ್ದರು ಎಂದಷ್ಟೇ ಅರ್ಥ, ಅದು ಪರವಾನಗಿಯಲ್ಲ. ಅಂಥ ಚಿತ್ರ ನೋಡಿ ನೂರು ಜನ ಬಂದ ಮೇಲೆ ಊರಿನವರು ನಿಷೇಧದ ಫಲಕ ನೆಡುವುದೂ, ಹಳೆಯ ಟಿಪ್ಪಣಿ ಮಾತ್ರ ಆ್ಯಪ್‌ನಲ್ಲಿ ಹಾಗೇ ಉಳಿಯುವುದೂ ಮಾಮೂಲು. ಸ್ವೀಡನ್ನಿನಲ್ಲಿ ಪ್ರಕೃತಿಯಲ್ಲಿ ಎಲ್ಲಿ ಬೇಕಾದರೂ ತಂಗುವ ಹಕ್ಕಿದೆಯಂತೆ ಎಂದು ಕೇಳುವವರಿದ್ದಾರೆ. ಅದು ನಡೆದು ಹೋಗಿ ಡೇರೆ ಹಾಕುವವರಿಗೆ. ಮೋಟಾರು ವಾಹನಕ್ಕೆ ಅನ್ವಯಿಸುವುದಿಲ್ಲ. ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ ರಾತ್ರಿ ಕಳೆಯುವುದು ಜರ್ಮನಿಯಲ್ಲಿ ಕಾನೂನುಬಾಹಿರವಲ್ಲದಿದ್ದರೂ, ಲಾರಿಗಳ ಸದ್ದು ಒಂದು ಕಡೆ, ಮಲಗಿದ್ದಾಗಲೇ ಬಾಗಿಲು ಮೀಟುವ ಕಳ್ಳರ ಭಯ ಇನ್ನೊಂದು ಕಡೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವ ನಿಮಗೆ ಅದನ್ನು ನಾನು ಸೂಚಿಸುವುದಿಲ್ಲ.

ದರದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಉಚಿತ ತಂಗುದಾಣ ದಾನವಲ್ಲ. ನೀವು ಅಲ್ಲಿ ಉಳಿದರೆ ಊಟ ಮಾಡುತ್ತೀರಿ, ಬ್ರೆಡ್ಡು ಕೊಳ್ಳುತ್ತೀರಿ, ವೈನ್ ಕೊಳ್ಳುತ್ತೀರಿ ಎಂಬ ಲೆಕ್ಕಾಚಾರದಿಂದ ಪುಟ್ಟ ಊರುಗಳು ಅವನ್ನು ಇಟ್ಟುಕೊಂಡಿವೆ. ಆದ್ದರಿಂದಲೇ ಪ್ರಸಿದ್ಧಿಯಿಲ್ಲದ ಊರುಗಳಲ್ಲಿ ಅವು ಹೆಚ್ಚು. ಹೇಗಿದ್ದರೂ ಜನ ಬಂದೇ ಬರುವ ಸರೋವರದ ದಂಡೆಯಲ್ಲೋ ಕೋಟೆಯ ಕೆಳಗೋ ಉಚಿತವಾಗಿ ಕೊಡುವ ಅಗತ್ಯ ಯಾರಿಗೂ ಇಲ್ಲ. ಅಲ್ಲಿ ದರವೆನ್ನುವುದು ದಟ್ಟಣೆಯನ್ನು ಹತೋಟಿಯಲ್ಲಿಡುವ ಉಪಾಯವೂ ಹೌದು. ಬೇಸಿಗೆಯಲ್ಲಿ ಏರಿ ಚಳಿಗಾಲದಲ್ಲಿ ಇಳಿಯುತ್ತದೆ. ಚಳಿಗಾಲದ ಅಗ್ಗದ ದರದ ಜೊತೆಗೆ, ಹಿಮಗಟ್ಟುವ ಭಯದಿಂದ ನಲ್ಲಿಗಳನ್ನು ಮುಚ್ಚಿರುತ್ತಾರೆ ಎಂಬುದನ್ನು ಮಾತ್ರ ಫಲಕ ದಪ್ಪ ಅಕ್ಷರದಲ್ಲಿ ಹೇಳುವುದಿಲ್ಲ. ಇಟಲಿಯಲ್ಲಿ ಸಾಮಾನ್ಯ ಶುಲ್ಕದ ನಿಲುಗಡೆಗಳಲ್ಲಿ ಮೋಟಾರ್‌ಹೋಮ್‌ಗೆ ಕಾರಿಗಿಂತ ಶೇಕಡಾ 50ರಷ್ಟು ಹೆಚ್ಚು ದರವನ್ನು ಮೇಲೆ ಹೇಳಿದ 185ನೆಯ ವಿಧಿಯೇ ನಿಗದಿಪಡಿಸಿದೆ. ಅದನ್ನು ಸುಲಿಗೆ ಎಂದು ಜಗಳಕ್ಕೆ ನಿಲ್ಲುವವರನ್ನು ಕಂಡಿದ್ದೇನೆ, ಅದು ಕಾನೂನು.

ಫಲಕದ ಮೇಲಿನ ಅಂಕೆ ಪೂರ್ಣ ದರವಲ್ಲ ಎಂಬುದೇ ನಿಮ್ಮಂಥ ದೊಡ್ಡ ಕುಟುಂಬಕ್ಕೆ ಮುಖ್ಯವಾದ ಮಾತು. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಒಂದು ತಂಗುದಾಣದಲ್ಲಿ ವಾಹನಕ್ಕೆ 12 ಯೂರೋ. ಆದರೆ ಆರೋಗ್ಯಧಾಮದ ಊರಾದ್ದರಿಂದ ವಯಸ್ಕರೊಬ್ಬರಿಗೆ ರಾತ್ರಿಗೆ 2.50 ಯೂರೋ ಅತಿಥಿ ತೆರಿಗೆ. ನಾಲ್ವರು ವಯಸ್ಕರಿಗೆ ಅದೇ 10 ಯೂರೋ ಆಯಿತು. ವಿದ್ಯುತ್ತಿಗೆ 3, ನೀರಿಗೆ 1 ಸೇರಿಸಿದರೆ 26. ಹತ್ತಿರದ ಇನ್ನೊಂದು ಕಡೆ ಎಲ್ಲವೂ ಸೇರಿ 22 ಎಂದು ಬರೆದಿದ್ದರೆ ಅದೇ ಅಗ್ಗ. ಇಬ್ಬರೇ ಇದ್ದಿದ್ದರೆ ಮೊದಲನೆಯದು 21ಕ್ಕೆ ನಿಲ್ಲುತ್ತಿತ್ತು. ಹೀಗೆ ಒಂದೇ ಜಾಗ ಇಬ್ಬರಿಗೆ ಅಗ್ಗ, ಐವರಿಗೆ ದುಬಾರಿ. ಹಾಗೆಂದು ಈ ತೆರಿಗೆಯನ್ನು ಬರೀ ನಷ್ಟವೆಂದು ಬರೆದುಕೊಳ್ಳಬೇಡಿ. ಬ್ಲ್ಯಾಕ್ ಫಾರೆಸ್ಟಿನ ಹಲವಾರು ಊರುಗಳಲ್ಲಿ ಇದನ್ನು ಕಟ್ಟಿದವರಿಗೆ ಕೋನುಸ್ ಎಂಬ ಅತಿಥಿ ಕಾರ್ಡ್ ಸಿಗುತ್ತದೆ, ಅದರಲ್ಲಿ ಆ ಪ್ರದೇಶದ ಬಸ್ಸು ಮತ್ತು ಸ್ಥಳೀಯ ರೈಲುಗಳಲ್ಲಿ ಉಚಿತವಾಗಿ ಓಡಾಡಬಹುದು. ವಾಹನ ಕದಲಿಸದೆ ಐವರು ಒಂದು ದಿನ ಸುತ್ತಿ ಬಂದರೆ ತೆರಿಗೆಯ ಹಣ ಹುಟ್ಟಿದಂತೆಯೇ. ಆ ಊರಿನ ತಂಗುದಾಣದಲ್ಲಿ ಕಾರ್ಡ್ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಫ್ರಾನ್ಸಿನಲ್ಲಿ ತಂಗುದಾಣಗಳ ಪ್ರವಾಸಿ ತೆರಿಗೆ ಕೆಲವೇ ಸೆಂಟ್‌ಗಳದು, 18 ವರ್ಷದೊಳಗಿನವರಿಗೆ ಅದೂ ಇಲ್ಲ.

ನೀರು ಮತ್ತು ವಿದ್ಯುತ್ತಿನ ದರ ಓದುವುದೂ ಒಂದು ಅಭ್ಯಾಸ. ಫ್ರಾನ್ಸಿನ ಸೇವಾ ಕಂಬಗಳಲ್ಲಿ ನಾಣ್ಯ ಅಥವಾ ಬಿಲ್ಲೆ ಹಾಕಿದರೆ ಸುಮಾರು 100 ಲೀಟರ್ ನೀರು ಇಲ್ಲವೇ ಒಂದು ಗಂಟೆಯಷ್ಟು ವಿದ್ಯುತ್ತು ಬರುವುದು ಸಾಮಾನ್ಯ. ಒಂದು ಗಂಟೆಯ ವಿದ್ಯುತ್ತಿನಿಂದ ರಾತ್ರಿ ಕಳೆಯಲಾಗದು. ಫೋನುಗಳನ್ನು ಚಾರ್ಜ್ ಮಾಡಿಕೊಳ್ಳಬಹುದು, ಅಷ್ಟೇ. ಜರ್ಮನಿಯಲ್ಲಿ ಯೂನಿಟ್ ಲೆಕ್ಕ ಹೆಚ್ಚು, ಅದು ನ್ಯಾಯವಾದದ್ದು. ಎರಡೂ ಕಡೆ ಗಮನಿಸಬೇಕಾದದ್ದು ಆಂಪಿಯರ್. ಕಂಬದ ಮೇಲೆ 6 ಆಂಪಿಯರ್ ಎಂದಿದ್ದರೆ ಒಟ್ಟು ಸಿಗುವುದು 1,380 ವಾಟ್. ಅಮ್ಮ ಊರಿನಿಂದ ಇಂಡಕ್ಷನ್ ಒಲೆಯನ್ನೋ ಅನ್ನದ ಕುಕ್ಕರನ್ನೋ ತಂದು ನೀರು ಕಾಯಿಸುವ ಕೆಟಲ್ ಜೊತೆಗೆ ಹಚ್ಚಿದರೆ ಫ್ಯೂಸ್ ಬೀಳುವುದು ಖಚಿತ. ಬಿದ್ದ ಫ್ಯೂಸ್ ಹೊರಗಿನ ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತದೆ, ಅದನ್ನು ತೆರೆಯುವವರು ಬೆಳಿಗ್ಗೆ ಬರುತ್ತಾರೆ. ಅಡುಗೆಯನ್ನು ವಾಹನದ ಗ್ಯಾಸ್ ಒಲೆಯಲ್ಲೇ ಮಾಡಿ. ಒಂದು ಮಾಮೂಲಿ ಪ್ರೆಶರ್ ಕುಕ್ಕರ್ ತರಲು ಅಮ್ಮನಿಗೆ ಹೇಳಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಮೂರ್ನಾಲ್ಕು ದಿನ ಒಂದೇ ಕಡೆ, ಹೊರಗೆ ಕುರ್ಚಿ, ಬೆಳಗಿನ ಕಾಫಿ ಎಂದರೆ ಅದಕ್ಕೆ ಸರಿಯಾದ ಜಾಗ ಕ್ಯಾಂಪ್‌ಸೈಟ್. ತಂಗುದಾಣಗಳಲ್ಲಿ ಕುರ್ಚಿ ಹಾಕಲು ಬಿಡುವವರೂ ಇದ್ದಾರೆ, ಮೇಜು ಕುರ್ಚಿ ಮತ್ತು ಪಕ್ಕದ ಬಟ್ಟೆಚಪ್ಪರಕ್ಕೆ ಅಡ್ಡಗೆರೆ ಎಳೆದ ಚಿತ್ರ ಹಾಕಿರುವವರೂ ಇದ್ದಾರೆ. ಸಾಮಾನ್ಯ ನಿಲುಗಡೆಯ ಜಾಗದಲ್ಲಂತೂ ಕುರ್ಚಿ ಹೊರಬಂದರೆ ಅದು ಬಿಡಾರವೇ. ಕ್ಯಾಂಪ್‌ಸೈಟ್ ಐವರಿಗೆ ತಂಗುದಾಣದ ಎರಡು ಪಟ್ಟು ಖರ್ಚಾದೀತು. ಆದರೆ ಆ ಬೆಲೆಗೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ಯಂತ್ರ, ರಾತ್ರಿ ಎದ್ದು ಹೋಗುವ ಹಿರಿಯರಿಗೆ ನಿಲ್ಲುವಷ್ಟು ಜಾಗವಿರುವ ಶೌಚಾಲಯ ಸಿಗುತ್ತವೆ. ಎರಡು ವಾರದ ಪ್ರವಾಸದಲ್ಲಿ ಬ್ಲ್ಯಾಕ್ ಫಾರೆಸ್ಟಿನಲ್ಲಿ ಒಂದು, ಗಾರ್ಡಾದಲ್ಲಿ ಒಂದು, ಹೀಗೆ ಎರಡು ಕ್ಯಾಂಪ್‌ಸೈಟ್‌ಗಳಲ್ಲಿ ಮೂರ್ನಾಲ್ಕು ರಾತ್ರಿ ಕಾಯ್ದಿರಿಸಿ, ನಡುವಿನ ಪಯಣದ ರಾತ್ರಿಗಳಿಗೆ ಮಾತ್ರ ತಂಗುದಾಣಗಳನ್ನು ಬಳಸುವುದು ನನ್ನ ಸಲಹೆ. ಗಾರ್ಡಾದಲ್ಲಿ ಕಾಯ್ದಿರಿಸದೆ ಹೋಗಬೇಡಿ. ಕ್ಯಾಂಪಿಂಗ್‌ಕಾರ್ಡ್ ಎಸಿಎಸ್‌ಐ ಎಂಬ ರಿಯಾಯಿತಿ ಕಾರ್ಡ್ ಮೇ ತಿಂಗಳಲ್ಲಿ ಹಲವೆಡೆ ನಡೆಯುತ್ತದೆ, ಆದರೆ ಅದರ ನಿಗದಿತ ದರ ಇಬ್ಬರು ವಯಸ್ಕರಿಗೆ. ಉಳಿದವರಿಗೆ ಬೇರೆ ಕಟ್ಟಬೇಕು. ಜರ್ಮನಿಯಲ್ಲಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುವ ಕ್ರೈಸ್ತ ಹಬ್ಬಗಳ ರಜೆಗಳಲ್ಲಿ, ಅಸೆನ್ಶನ್ ಗುರುವಾರದಿಂದ ಭಾನುವಾರದವರೆಗೆ ಮತ್ತು ಪೆಂಟೆಕಾಸ್ಟ್ ವಾರಾಂತ್ಯದಲ್ಲಿ, ರಿಯಾಯಿತಿ ರದ್ದಾಗಿರುವುದೂ ಉಂಟು.

ಆ ರಜೆಗಳ ಮಾತು ತಂಗುದಾಣಗಳಿಗೂ ಸಲ್ಲುತ್ತದೆ. ಅವುಗಳಲ್ಲಿ ಬಹುತೇಕ ಕಡೆ ಮುಂಗಡ ಕಾಯ್ದಿರಿಸುವಿಕೆ ಇಲ್ಲ. ಮೊದಲು ಬಂದವರಿಗೆ ಜಾಗ. ಸಾಮಾನ್ಯ ದಿನಗಳಲ್ಲಿ ಸಂಜೆ ಐದಕ್ಕೆ ಸಿಗುವ ಜಾಗ ಹಬ್ಬದ ವಾರಾಂತ್ಯದಲ್ಲಿ ಮಧ್ಯಾಹ್ನ ಎರಡಕ್ಕೇ ತುಂಬಿರುತ್ತದೆ. ಸಂಜೆ 7ಕ್ಕೆ ತಲುಪುವ ನಿಮ್ಮ ಕ್ರಮವನ್ನು ಅಂಥ ದಿನಗಳಲ್ಲಿ ಬದಲಾಯಿಸಿಕೊಳ್ಳಿ.

ಅಲ್ಸಾಸ್‌ಗೆ ಇನ್ನೊಂದು ದಾರಿಯಿದೆ. 1993ರಲ್ಲಿ ಆರಂಭವಾದ ಫ್ರಾನ್ಸ್ ಪ್ಯಾಶನ್ ಎಂಬ ವ್ಯವಸ್ಥೆಗೆ ವಾರ್ಷಿಕ ಸದಸ್ಯತ್ವ ಪಡೆದರೆ ದ್ರಾಕ್ಷಿ ತೋಟದವರು, ಚೀಸ್ ಮಾಡುವವರು, ರೈತರು ತಮ್ಮ ಅಂಗಳದಲ್ಲಿ 24 ಗಂಟೆ ಶುಲ್ಕವಿಲ್ಲದೆ ನಿಲ್ಲಲು ಬಿಡುತ್ತಾರೆ. ಜರ್ಮನಿಯಲ್ಲಿ ಇದೇ ಮಾದರಿಯದು ಲಾಂಡ್‌ಫೆರ್ಗ್ನ್ಯೂಗನ್. ಏನಾದರೂ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಆದರೂ ತಲುಪಿದೊಡನೆ ಮನೆಯವರನ್ನು ಮಾತನಾಡಿಸುವುದು, ಹೊರಡುವಾಗ ಹೇಳಿ ಹೋಗುವುದು ಇಲ್ಲಿನ ಮರ್ಯಾದೆ, ಮತ್ತು ಸಾಮಾನ್ಯವಾಗಿ ಯಾರೂ ಬರಿಗೈಯಲ್ಲಿ ಹೊರಡುವುದಿಲ್ಲ. ವೈನ್ ಕುಡಿಯದ ಮನೆಯವರಾದರೆ ದ್ರಾಕ್ಷಾರಸ, ಜೇನುತುಪ್ಪ ಕೇಳಿ ನೋಡಿ. ಅಪ್ಪ, ಅಮ್ಮನಿಗೆ ಹಿಡಿಸುವುದು ಬಹುಶಃ ಇದೇ. ಹಟ್ಟಿ, ಕೋಳಿ, ತೋಟ ನೋಡಿದ ಕೂಡಲೇ ಶಿವಮೊಗ್ಗ ಕಡೆಯ ಹಿರಿಯರಿಗೆ ಭಾಷೆ ಬರದಿದ್ದರೂ ಮಾತು ಶುರುವಾಗಿಬಿಡುತ್ತದೆ. ತೊಡಕೆಂದರೆ ಇಲ್ಲಿ ನೀರು, ವಿದ್ಯುತ್ತು, ಕೊಳಕು ನೀರು ಮತ್ತು ಕ್ಯಾಸೆಟ್‌ನ ವಿಲೇವಾರಿ ಯಾವುದೂ ಇರಲೇಬೇಕೆಂದಿಲ್ಲ. ಹಿಂದಿನ ನಿಲ್ದಾಣದಲ್ಲಿ ಕ್ಯಾಸೆಟ್ ಖಾಲಿ ಮಾಡಿ, ನೀರು ತುಂಬಿಕೊಂಡು ಹೋಗಿರಬೇಕು. ಐವರಿದ್ದು ಇಂಥ ಎರಡು ರಾತ್ರಿಗಳನ್ನು ಒಂದರ ಹಿಂದೊಂದು ಇಟ್ಟುಕೊಳ್ಳಬೇಡಿ.

ಬೆಂಗಳೂರಿನಿಂದ ನೇರವಾಗಿ ಬಂದು ಇಲ್ಲಿ ಮೋಟಾರ್‌ಹೋಮ್ ಬಾಡಿಗೆಗೆ ಹಿಡಿಯುವ ಕುಟುಂಬಗಳೂ ಈಗ ಹೆಚ್ಚುತ್ತಿರುವುದರಿಂದ ಅವರಿಗೊಂದು ಮಾತು. ಷೆಂಗನ್ ವೀಸಾ ಅರ್ಜಿಯ ಜೊತೆ ವಾಸ್ತವ್ಯದ ಪುರಾವೆ ಕೇಳುತ್ತಾರೆ, ಕಾಯ್ದಿರಿಸಲಾಗದ ತಂಗುದಾಣಗಳಿಂದ ಅಂಥ ಪುರಾವೆ ಸಿಗುವುದಿಲ್ಲ. ವಾಹನದ ಬಾಡಿಗೆ ಕರಾರು ಮತ್ತು ಕ್ಯಾಂಪ್‌ಸೈಟ್‌ಗಳ ಮುಂಗಡ ರಸೀದಿಗಳನ್ನು ದಿನವಾರು ಮಾರ್ಗಸೂಚಿಯೊಂದಿಗೆ ಜೋಡಿಸಿಕೊಡುವುದು ಒಳಿತು. ನಿಮ್ಮ ತಂದೆ ತಾಯಿ ನಿಮ್ಮ ಮನೆಗೇ ಬರುವವರಾದ್ದರಿಂದ ನಿಮ್ಮ ಆಹ್ವಾನದ ಕಾಗದಗಳೇ ಮುಖ್ಯವಾಗುತ್ತವೆ. ಆದರೂ ಎರಡು ವಾರದ ಪ್ರವಾಸವನ್ನು ಅರ್ಜಿಯಲ್ಲಿ ಮರೆಮಾಚದೆ ನಮೂದಿಸಿ.

ಕೊನೆಯದಾಗಿ ವಾಹನ ಹಿಂದಿರುಗಿಸುವ ವಿಷಯ. ಪ್ರವಾಸದಲ್ಲಿ ಎಲ್ಲಿ ದಂಡ ಬಿದ್ದರೂ ನೋಟಿಸು ಮೊದಲು ಹೋಗುವುದು ವಾಹನದ ಮಾಲೀಕರಾದ ಬಾಡಿಗೆ ಸಂಸ್ಥೆಗೆ, ಅವರು ನಿಮ್ಮ ವಿಳಾಸ ಕೊಡುವುದಕ್ಕೆ ಪ್ರತ್ಯೇಕ ಶುಲ್ಕ ಹಾಕುತ್ತಾರೆ. ಗಾಜಿನ ಮೇಲೆ ಕಾಗದ ಕಂಡ ದಿನವೇ ಅದರಲ್ಲಿರುವ ಖಾತೆಗೆ ಹಣ ಕಳುಹಿಸಿ ರಸೀದಿ ಇಟ್ಟುಕೊಂಡರೆ ಆ ಹೆಚ್ಚುವರಿ ಖರ್ಚನ್ನು ಬಹುಮಟ್ಟಿಗೆ ತಪ್ಪಿಸಬಹುದು. ಶೌಚದ ಕ್ಯಾಸೆಟ್ ಖಾಲಿ ಮಾಡದೆ ಕೊಟ್ಟರೆ ಅನೇಕ ಕರಾರುಗಳಲ್ಲಿ 100 ಯೂರೋಗೂ ಹೆಚ್ಚಿನ ಶುಲ್ಕವಿರುತ್ತದೆ. ಆದ್ದರಿಂದ ಕೊನೆಯ ರಾತ್ರಿಗೆ ಉಚಿತ ಜಾಗ ಹುಡುಕುವ ಬದಲು, ಬಾಡಿಗೆ ಸಂಸ್ಥೆಯಿಂದ ಒಂದು ಗಂಟೆಯ ದೂರದೊಳಗೆ ವಿಲೇವಾರಿಯ ಸೌಲಭ್ಯವಿರುವ ತಂಗುದಾಣವನ್ನೇ ಆರಿಸಿಕೊಳ್ಳಿ. ಬೆಳಿಗ್ಗೆ ಎಂಟರ ಮೇಲೆ ಅಲ್ಲಿನ ವಿಲೇವಾರಿ ಕಂಬದ ಮುಂದೆ ಸಾಲು ಬೆಳೆಯುವುದರಿಂದ ಆ ಕೆಲಸವನ್ನು ಹಿಂದಿನ ಸಂಜೆಯೇ ಒಮ್ಮೆ ಮುಗಿಸಿಟ್ಟುಕೊಂಡರೆ, ಬೆಳಿಗ್ಗೆ ಉಳಿಯುವುದು ತೊಳೆಯುವಷ್ಟು ಮಾತ್ರ.